ಮೇಡಂ ಕಿವಿಯಲ್ಲಿ ಕರಿಮಣಿ

ಹಲಸೂರಿನ ಮುನಿಆಂಜನಪ್ಪನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಅಭ್ಯಾಸವಿದ್ದಿದ್ದರೆ ಅಚ್ಚುಕಟ್ಟಾಗಿ ಹೇಳುತ್ತಿದ್ದ, ಇಷ್ಟೆಲ್ಲ ಫಜೀತಿಯೂ ಆಗುತ್ತಿರಲಿಲ್ಲ. ಅವನದು ಬರೀ ಜಂಬ. ನಾಲ್ಕು ಜನರ ಮುಂದೆ ಇನ್ನೊಬ್ಬನನ್ನು ಯಾರಾದರೂ ಹೊಗಳಿದರೆ ಸಾಕು, ಅವನ ನಾಲಗೆ ಅವನನ್ನು ಕೇಳದೆಯೇ ಹೊರಟುಬಿಡುತ್ತಿತ್ತು.

ಆಗ ಯುದ್ಧದ ಕಾಲ. ಕಾಕ್ಸ್‌ಟೌನಿನ ಆಚೆ ಸಿಪಾಯಿಗಳ ಬಟ್ಟೆ ಹೊಲಿಸುವ ಒಂದು ಗೋದಾಮಿನಲ್ಲಿ ಅವನು ಗುಂಡಿ, ದಾರ, ಬಕಲುಗಳ ಉಸ್ತುವಾರಿಯ ಗುಮಾಸ್ತ. ಗೋದಾಮಿನ ದೊಡ್ಡ ಸಾಹೇಬರಾಗಿದ್ದ ರೋಝಾರಿಯೋ ಅವರನ್ನು ಸರ್ಕಾರ ಬರ್ಮಾ ಗಡಿಗೆ ಕಳಿಸಿತ್ತು. ಅವರ ಹೆಂಡತಿ ಮಾತ್ರ ರಿಚರ್ಡ್ಸ್ ಟೌನಿನ ಬಂಗಲೆಯಲ್ಲಿ ಒಬ್ಬರೇ ಇದ್ದರು. ಸಿಪಾಯಿಗಳ ಸಂಸಾರಗಳ ಸಹಾಯಕ್ಕೆಂದು ಚರ್ಚಿನ ಹಾಲಿನಲ್ಲಿ ಕೈಕೆಲಸದ ಮಾರಾಟ ಏರ್ಪಡಿಸಿದ್ದ ಆಕೆ ಒಂದು ಸೋಮವಾರ ಗೋದಾಮಿಗೆ ಬಂದು, ಗುಮಾಸ್ತರ ಹೆಂಡತಿಯರು ಏನಾದರೂ ಮಾಡಿಕೊಡಬಹುದೇ ಎಂದು ಕೇಳಿದರು. ಕಾಕ್ಸ್‌ಟೌನಿನಲ್ಲೇ ಹುಟ್ಟಿ, ಆಯಾ ಕೈಯಲ್ಲಿ ಬೆಳೆದ ಹೆಂಗಸು. ಕನ್ನಡ ಸಲೀಸಾಗಿ ಬರುತ್ತಿತ್ತು, ಆದರೆ ಆಯಾ ಮಗುವಿನ ಜೊತೆ ಆಡಿದ ಕನ್ನಡ. ಹಾಗಾಗಿ ಕಲೆಕ್ಟರನೇ ಎದುರಿಗೆ ಬಂದರೂ ಆಕೆಗೆ ಅವನು ‘ನೀನು’.

ಪಕ್ಕದ ಮೇಜಿನ ಅಂಜನಮೂರ್ತಿ ಎದ್ದು ನಿಂತು, ತನ್ನ ಹೆಂಡತಿ ಉಲ್ಲನ್ ಟೋಪಿ ಹೆಣೆಯುತ್ತಾಳೆ ಎಂದ. ಮೇಡಂ ಅವನ ಕೈ ಕುಲುಕಿದರು. ಕುಲುಕಿದ್ದೇ ತಪ್ಪಾಯಿತು.

“ನಮ್ಮ ಮನೇಲಿ ಮಣಿಯಿಂದ ಕಿವಿಗೆ ಹಾಕ್ಕೊಳ್ಳೋ ಲೋಲಾಕು ಮಾಡ್ತಾಳೆ ಮೇಡಂ,” ಎಂದು ಮುನಿಆಂಜನಪ್ಪನ ನಾಲಗೆ ಹೇಳಿತು.

“ಹೌದಾ? ನಿನ್ ಹೆಂಡ್ತಿನಾ? ಗುರುವಾರ ಒಂದು ಜೊತೆ ತಗೊಂಡ್ ಬಾ, ನೋಡ್ತೀನಿ.”

ಅವನ ಹೆಂಡತಿ ಮಂಜುಳಮ್ಮ ಹೂವು ಕಟ್ಟುತ್ತಿದ್ದಳು, ಹಪ್ಪಳ ಒತ್ತುತ್ತಿದ್ದಳು, ಹರಿದ ಚಾಪೆಗೆ ಅಂಚು ಹಾಕುತ್ತಿದ್ದಳು. ಲೋಲಾಕು ಮಾಡಿದವಳಲ್ಲ. ಮನೆಗೆ ಬಂದು ಮಾತು ತೆಗೆದರೆ ಬೈಗುಳ ಖಂಡಿತ ಎಂದು ತಿಳಿದ ಮುನಿಆಂಜನಪ್ಪ, ಇಷ್ಟಕ್ಕೂ ಮಣಿ ಪೋಣಿಸುವುದು ಏನು ಮಹಾ ವಿದ್ಯೆ, ತಾನೇ ಮಾಡಿ ಕೊಟ್ಟರಾಯಿತು ಎಂದು ತೀರ್ಮಾನಿಸಿದ. ಜಗತ್ತಿನಲ್ಲಿ ಕೆಟ್ಟುಹೋದ ಕೆಲಸಗಳಲ್ಲಿ ಮುಕ್ಕಾಲು ಪಾಲು ಹೀಗೆ ‘ಏನು ಮಹಾ’ ಎಂದುಕೊಂಡೇ ಶುರುವಾದವು.

ಮಂಗಳವಾರ ಸಂಜೆ ಬ್ಲ್ಯಾಕ್‌ಪಳ್ಳಿಯಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಶಫಿಯ ಅಂಗಡಿಗೆ ಹೋದ. ಬಳೆ, ಮಣಿ, ಜರಿ ಮಾರುವ ಶಫಿ ಕೆಂಪು ಮಣಿಯ ಒಂದು ಪೊಟ್ಟಣ, ಹಿತ್ತಾಳೆ ತಂತಿಯ ಕೊಕ್ಕೆ ಎರಡು ಮುಂದಿಟ್ಟು, ಕಲಿಯುವವನಿಗೆ ತಕ್ಕ ಪಾಠವನ್ನೂ ಹೇಳಿದ.

“ಪೆಹಲೇ ಗಂಟು ಹಾಕ್ಬೇಕು ಸಾಬ್. ಗಂಟಿಲ್ದೆ ಪೋಣಿಸಿದ್ರೆ ಈ ಕಡೆ ಹಾಕಿದ್ದು ಆ ಕಡೆ ಹೋಗ್ತದೆ. ಮೂರು ಲಾಲ್, ಬೀಚ್ ಮೇ ಕಾಲಾ, ಫಿರ್ ಮೂರು ಲಾಲ್. ಕಪ್ಪು ಮಧ್ಯ ಮಧ್ಯ ಬಂದ್ರೇನೇ ಕೆಂಪಿಗೆ ಕಳೆ.”

“ಹಂಗಾದ್ರೆ ಕಪ್ಪು ಮಣೀನೂ ಕೊಡಯ್ಯ.”

“ಎಲ್ಲಿಂದ ಕೊಡ್ಲಿ ಸಾಬ್? ಜರ್ಮನಿ ಮಾಲು, ಜಪಾನ್ ಮಾಲು. ನಿಮ್ ಸರ್ಕಾರ ಇಬ್ಬರ ಜೊತೇನೂ ಲಡಾಯಿ ಹಾಕ್ಕೊಂಡು ಕೂತೈತೆ. ಬಾಂಬ್ ಬೇಕಾದ್ರೆ ಕಳಿಸ್ತಾರೆ. ಮಣಿ ಕಳಿಸ್ತಾರಾ?”

ಬುಧವಾರ ಮಧ್ಯಾಹ್ನ ಹೊಟ್ಟೆನೋವು ಎಂದು ಹೇಳಿ ಗೋದಾಮಿನಿಂದ ಬೇಗ ಬಂದ. ಮಂಜುಳಮ್ಮ ಸೀಮೆಎಣ್ಣೆ ಸರತಿಯಲ್ಲಿ ನಿಲ್ಲಲು ಹೋಗಿದ್ದಳು. ಬಾಗಿಲು ಹಾಕಿಕೊಂಡು, ಕೆಂಪು ಮಣಿಗಳನ್ನು ತಟ್ಟೆಗೆ ಸುರಿದುಕೊಂಡು, ಗೋದಾಮಿನ ಹೊಲಿಗೆ ದಾರಕ್ಕೆ ಪೋಣಿಸಿ ನೋಡಿದ. ಶಫಿ ಹೇಳಿದ್ದು ನಿಜ. ಕಪ್ಪಿಲ್ಲದ ಕೆಂಪು ಬೋಳಾಗಿತ್ತು. ಕಪ್ಪು ಮಣಿಗಾಗಿ ಮನೆಯೆಲ್ಲ ಹುಡುಕಿ, ಕೊನೆಗೆ ದೇವರ ಗೂಡಿನಲ್ಲಿ ಅರಿಶಿನದ ಬಟ್ಟಲ ಹಿಂದೆ ಇದ್ದ ಹಿತ್ತಾಳೆ ಡಬ್ಬಿಯೊಂದನ್ನು ತೆಗೆದ. ಒಳಗೆ ಅರಿಶಿನ ಮೆತ್ತಿಕೊಂಡ ಕಪ್ಪು ಮಣಿಗಳು. ಸುಮ್ಮನೆ ಬಿದ್ದಿವೆ, ಯಾರಿಗೂ ಬೇಡವಾದವು ಎಂದುಕೊಂಡ. ಬೇಕಾದಷ್ಟು ಆರಿಸಿ, ಅರಿಶಿನ ಹೋಗುವ ತನಕ ಬಟ್ಟೆ ಸೋಪು ಹಾಕಿ ತಿಕ್ಕಿ ತೊಳೆದ. ಸೋಪಿನ ಕೈಯಲ್ಲೇ ಡಬ್ಬಿ ಮುಚ್ಚಿ ಗೂಡಿನಲ್ಲಿಟ್ಟ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅವು ಮಂಜುಳಮ್ಮನ ಕರಿಮಣಿಗಳು. ತಾಳಿಯ ಜೊತೆಗಿನ ಕರಿಮಣಿ ಸರದ ದಾರ ಸವೆದು ಹೋಗಿತ್ತೆಂದು ಅವಳು ಮಣಿಗಳನ್ನು ಬಿಚ್ಚಿ, ಅರಿಶಿನ ಹಚ್ಚಿ ದೇವರ ಮುಂದಿಟ್ಟಿದ್ದಳು. ಶುಕ್ರವಾರ ಕೆ.ಆರ್. ಪುರದಿಂದ ಅವಳ ತಾಯಿ ಅಕ್ಕಯಮ್ಮ ಬಂದು ಹೊಸ ದಾರಕ್ಕೆ ಪೋಣಿಸಿ ಕೊಡುವವರಿದ್ದರು. ಅಲ್ಲಿಯವರೆಗೆ ಮಂಜುಳಮ್ಮ ಅರಿಶಿನದ ಹುರಿಯಲ್ಲಿ ಬರೀ ತಾಳಿ ಕಟ್ಟಿಕೊಂಡು ಓಡಾಡುತ್ತಿದ್ದಳು. ಗಂಡನಾದವನು ನಾಲ್ಕು ದಿನದಿಂದ ಎದುರಿಗೆ ಕೂತು ಊಟ ಮಾಡುತ್ತಿದ್ದನಲ್ಲ, ನೋಡಿರಲಿಲ್ಲವೇ ಎಂದು ನೀವು ಕೇಳಬಹುದು. ಹೆಂಡತಿಯ ಕತ್ತಿನಲ್ಲಿ ಏನಿದೆ ಏನಿಲ್ಲ ಎಂದು ಗಮನಿಸಿ ನೋಡುವ ಗಂಡಸು ಆ ವಠಾರದಲ್ಲಿ ಒಬ್ಬನೂ ಇರಲಿಲ್ಲ.

ದಾರ ಎರಡು ಸಲ ಗೋಜಲಾಯಿತು. ಒಂದು ಸಲ ಗಂಟು ಹಾಕುವುದು ಮರೆತು ಮಣಿಗಳೆಲ್ಲ ಮಂಚದ ಕೆಳಗೆ ಓಡಿದವು. ಅವನು ಮಂಚದಡಿಯಲ್ಲಿ ಮಂಡಿಯೂರಿದ್ದಾಗ ಕಿಟಕಿಯಲ್ಲಿ ಪಕ್ಕದ ಮನೆಯ ಪಿಳ್ಳಮ್ಮನ ಮುಖ ಕಾಣಿಸಿತು. ವಠಾರದಲ್ಲಿ ಸೂಜಿ ಬಿದ್ದರೂ ಮೂಗು ತೂರಿಸುವ ಹೆಂಗಸು.

“ಏನ್ರೀ ಹುಡುಕ್ತಿದ್ದೀರಾ?”

“ಇಲಿ,” ಎಂದ ಮುನಿಆಂಜನಪ್ಪ.

ಅಂತೂ ಜೊತೆ ಮುಗಿಯಿತು. ಒಂದು ಇನ್ನೊಂದಕ್ಕಿಂತ ಕೊಂಚ ಉದ್ದ, ಆದರೂ ಲೋಲಾಕೇ. ಗುರುವಾರ ಸಂಜೆ ಮೇಡಂ ಅದನ್ನು ನೋಡಿದ್ದೇ ತಡ, ತಮ್ಮ ಕಿವಿಯ ಮುತ್ತು ತೆಗೆದಿಟ್ಟು ಅದನ್ನೇ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಮುನಿಆಂಜನಪ್ಪನಿಗೆ ನೆಲ ಕಾಣಿಸಲಿಲ್ಲ.

“ಇದು ಮಾರಲ್ಲ ನಾನು, ನನಗೇ ಬೇಕು. ನಾಳೆ ಮಧ್ಯಾಹ್ನ ನಿನ್ ಹೆಂಡ್ತೀನ ಕರ್ಕೊಂಡ್ ಬಾ. ನನ್ ಫ್ರೆಂಡ್ಸ್ ಇಬ್ರು ಬರ್ತಾರೆ. ಅವಳು ನಮಗೆ ಕಲಿಸ್ಲಿ. ಏನೂ ಗೊತ್ತಿಲ್ಲ ನಮಗೆ, ಮೊದಲಿಂದ ಕಲಿಸ್ಬೇಕು.”

ಆಗ ನೆಲ ಕಾಣಿಸಿತು.

ಶುಕ್ರವಾರ ಬೆಳಿಗ್ಗೆ ಅವನು ರಜೆ ಹಾಕಿ, ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಜಗುಲಿಯ ಮೇಲೆ ಕೂತಿದ್ದ. ಒಳಗೆ ಅಕ್ಕಯಮ್ಮ ಆಗಲೇ ಬಂದು, ಮೊರದಲ್ಲಿ ಅಕ್ಕಿ ಹರವಿ, ದೀಪ ಹಚ್ಚಿ, ಹೊಸ ದಾರಕ್ಕೆ ಅರಿಶಿನ ಸವರಿದ್ದರು. ಮುತ್ತೈದೆಯರು ಇಬ್ಬರಾದರೂ ಇರಲಿ ಎಂದು ಪಿಳ್ಳಮ್ಮನನ್ನು ಕರೆದಿದ್ದರು. ಕರೆಯದಿದ್ದರೂ ಬರುತ್ತಿದ್ದಳು, ಅದು ಬೇರೆ ಮಾತು. ಅಕ್ಕಯಮ್ಮ ಡಬ್ಬಿ ತೆಗೆದರು. ಮಣಿಗಳನ್ನು ಅಕ್ಕಿಯ ಮೇಲೆ ಸುರಿದರು. ಬೆರಳಿನಿಂದ ಸರಿಸಿ ಎಣಿಸಿದರು.

“ಮಂಜುಳಾ, ಇಷ್ಟೇ ಏನೇ ಇದ್ದಿದ್ದು?”

“ಇಲ್ಲಮ್ಮ, ಇದರ ಎರಡರಷ್ಟಿತ್ತು.”

ಜಗುಲಿಯ ಮೇಲೆ ಮುನಿಆಂಜನಪ್ಪ ಕಿವಿ ನಿಮಿರಿಸಿದ. ಆ ಡಬ್ಬಿ ಏನು, ಆ ಮಣಿ ಏನು, ತಾನು ಸೋಪು ಹಾಕಿ ತಿಕ್ಕಿದ್ದು ಏನನ್ನು ಎಂಬುದು ಅವನಿಗೆ ತಿಳಿದದ್ದು ಆ ಕ್ಷಣದಲ್ಲಿ. ಎದ್ದು ಒಳಗೆ ಹೋಗಿ ಹೇಳಿಬಿಡಬೇಕೆಂದು ಬಾಗಿಲ ತನಕ ಹೋದ. ಅಷ್ಟರಲ್ಲಿ ಪಿಳ್ಳಮ್ಮ ಬಾಯಿ ತೆರೆದಿದ್ದಳು.

“ಇದು ಕಳ್ಳತನ ಅಲ್ಲ ಅಕ್ಕಯಮ್ನೋರೆ. ಕಳ್ಳ ಆಗಿದ್ರೆ ಹಿತ್ತಾಳೆ ಡಬ್ಬೀನ ಬಿಡ್ತಿದ್ನಾ? ಪಕ್ಕದಲ್ಲೇ ಬೆಳ್ಳಿ ಕುಂಕುಮದ ಭರಣಿ ಐತೆ, ಅದನ್ನ ಮುಟ್ಟಿಲ್ಲ. ಆರ್ಸಿ ಆರ್ಸಿ ಕರಿಮಣೀನೇ ತಗೊಂಡವ್ರೆ. ಇದು ಮನೆ ಯಜಮಾನನ ಪ್ರಾಣಕ್ಕೆ ಕೈ ಹಾಕಿರೋರ ಕೆಲ್ಸ. ಮಾಟ.”

ಮೂವರೂ ಒಟ್ಟಿಗೆ ತಿರುಗಿ ಯಜಮಾನನನ್ನು ನೋಡಿದರು. ಯಜಮಾನ ಬಾಗಿಲಿಗೆ ಒರಗಿ ನಿಂತಿದ್ದ. ಹಣೆಯ ಮೇಲೆ ಬೆವರು ಹರಿಯುತ್ತಿತ್ತು, ತುಟಿ ಒಣಗಿತ್ತು, ಕೈ ನಡುಗುತ್ತಿತ್ತು.

“ಅಯ್ಯೋ, ಶುರುವಾಗ್ಬಿಟ್ಟೈತೆ,” ಎಂದಳು ಪಿಳ್ಳಮ್ಮ. “ಬುಧವಾರ ಮಧ್ಯಾಹ್ನಾನೇ ಮಂಚದ ಕೆಳಗೆ ನುಗ್ಗಿ ಇಲಿ ಇಲಿ ಅಂತಿದ್ರು. ನಾನು ಆಗ್ಲೇ ಅಂದ್ಕೊಂಡೆ.”

“ನನಗೇನೂ ಆಗಿಲ್ಲ,” ಎಂದ ಮುನಿಆಂಜನಪ್ಪ. ಮಾಟ ಹಿಡಿದವರು ಹೀಗೇ ಹೇಳುವುದು ಎಂದು ಅಕ್ಕಯಮ್ಮ ಅಳಿಯನನ್ನು ಹಿಡಿದು ಮಂಚದ ಮೇಲೆ ಮಲಗಿಸಿದರು. ಮಂಜುಳಮ್ಮನ ಮುಖ ಬಿಳಿಚಿಕೊಂಡಿತ್ತು. ಗಂಡನ ಪಾದ ಹಿಡಿದು ನೋಡಿದಳು. ಭಯಕ್ಕೆ ತಣ್ಣಗಾಗಿದ್ದ ಪಾದ ಅವಳ ಕೈಗೆ ಹಾಗೇ ತಣ್ಣಗೆ ತಾಗಿತು. ಅವಳು ಅಳಲು ಶುರುಮಾಡಿದಳು. ಆ ಅಳು ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಯಿತು, ಆದರೂ ಗೋಡೆಯ ಕಡೆ ತಿರುಗಿ ಮಲಗಿದ. ಅತ್ತೆ, ಪಕ್ಕದ ಮನೆಯಾಕೆ, ಹೆಂಡತಿ ಮೂವರ ಮುಂದೆ ‘ನಾನು ಮಣಿ ಪೋಣಿಸಿ ಲೋಲಾಕು ಮಾಡಿದೆ’ ಎನ್ನುವುದು ಗಂಡಸಿಗೆ ಸುಲಭದ ಮಾತಲ್ಲ.

ಹಣೆಗೆ ಬೂದಿ ಹಚ್ಚಿ, ತಲೆದಿಂಬಿಗೆ ಬೇವಿನ ಸೊಪ್ಪು ಸಿಕ್ಕಿಸಿ ದೃಷ್ಟಿ ತೆಗೆದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಯಾರಿಗೂ ಕೆಮ್ಮು ಬರಲಿಲ್ಲ. ರೇಷನ್ನಿನಲ್ಲಿ ಬಂದ ಮುಗ್ಗಲು ಮೆಣಸಿನಕಾಯಿ, ಅದರಲ್ಲಿ ಘಾಟೆಲ್ಲಿಂದ ಬರಬೇಕು. ಆದರೆ ಘಾಟು ಬರಲಿಲ್ಲವೆಂದರೆ ದೃಷ್ಟಿ ಗಟ್ಟಿಯಾಗಿದೆ ಎಂದೇ ಲೆಕ್ಕ. ಅಕ್ಕಯಮ್ಮ ಎದೆ ಹಿಡಿದುಕೊಂಡು ಕೂತುಬಿಟ್ಟರು.

ಇಷ್ಟರಲ್ಲಿ ವಠಾರದ ಕೊನೆಯ ಮನೆಯ ಪೊಲೀಸ್ ಜಮಾದಾರ ಮುನಿರಾಜಪ್ಪ ಬೆಲ್ಟು ಬಿಗಿಯುತ್ತ ಬಂದ. ಊರಿನ ಯಾವ ಕೇಸೂ ಅವನ ಕೈಗೆ ಸಿಕ್ಕಿ ಬಗೆಹರಿದದ್ದಿಲ್ಲ, ಹಾಗಾಗಿ ಮನೆಯ ಹತ್ತಿರದ ಕೇಸನ್ನು ಬಿಡುವ ಹಾಗಿರಲಿಲ್ಲ. ಡಬ್ಬಿಯನ್ನು ಮೂಸಿ ನೋಡಿದ.

“ಸೋಪಿನ ವಾಸ್ನೆ. ಕಳ್ಳ ಬಲೇ ಶುಚಿ. ಬುಧವಾರ ಈ ಮನೆ ಜಗುಲಿ ಮೇಲೆ ಯಾರು ಬಂದಿದ್ರು?”

“ಮೊಸರಿನ ಚಿಕ್ಕಮುನಿಯಮ್ಮ,” ಎಂದಳು ಪಿಳ್ಳಮ್ಮ ಥಟ್ಟನೆ. “ಕೂತು ಎಲೆ ಅಡಿಕೆ ಹಾಕ್ಕೊಂಡು ಹೋದ್ಲು.”

ಚಿಕ್ಕಮುನಿಯಮ್ಮ ಬೀದಿಯ ತುದಿಯಲ್ಲೇ ಸಿಕ್ಕಿದಳು. ಮೊಸರಿನ ಗಡಿಗೆ ತಲೆಯ ಮೇಲಿದ್ದ ಹಾಗೇ ಅವಳನ್ನು ಕರೆತಂದು ಅಂಗಳದಲ್ಲಿ ನಿಲ್ಲಿಸಿದರು. ವಠಾರವೆಲ್ಲ ನೆರೆಯಿತು. ಮಾಟ ಮಾಡಿಸಿದವರ ಹೆಸರು ಹೇಳು ಎಂದು ಒಬ್ಬರು, ಮಣಿ ಎಲ್ಲಿ ಹೂತಿದ್ದೀಯ ಎಂದು ಇನ್ನೊಬ್ಬರು. ಅವಳಿಗೆ ಏನು ಕೇಳುತ್ತಿದ್ದಾರೆಂದೇ ತಿಳಿಯಲಿಲ್ಲ. ಗಡಿಗೆ ಇಳಿಸಲೂ ಯಾರೂ ಬಿಡಲಿಲ್ಲ.

“ನಾನ್ಯಾಕವ್ವ ಹಂಗೆ ಮಾಡ್ಲಿ. ಇವ್ರ ಮನೆ ಅನ್ನ ಉಂಡಿವ್ನಿ.” ಅವಳು ಕಿಟಕಿಯ ಕಡೆ ತಿರುಗಿ, ಮಂಚದ ಮೇಲಿದ್ದವನನ್ನು ನೋಡಿ ಹೇಳಿದಳು. “ಅಣ್ಣ, ನೀನಾದ್ರೂ ಹೇಳಣ್ಣ. ನಾನು ಅಂಥೋಳಾ?”

“ಠಾಣೆಗೆ ನಡಿ. ಅಲ್ಲಿ ತಾನಾಗೇ ಬಾಯಿ ಬಿಡ್ತೀಯ,” ಎಂದು ಮುನಿರಾಜಪ್ಪ ಅವಳ ತೋಳಿಗೆ ಕೈ ಹಾಕಿದ.

ಮುನಿಆಂಜನಪ್ಪ ಜಂಬದವನು, ಪುಕ್ಕಲ, ನಿಜ. ಆದರೆ ಕೆಟ್ಟವನಲ್ಲ. ಮಂಚದಿಂದ ಎದ್ದು, ಹಣೆಯ ಬೂದಿ, ತಲೆದಿಂಬಿನ ಬೇವಿನ ಸೊಪ್ಪು ಸಮೇತ ಅಂಗಳಕ್ಕೆ ಬಂದ.

“ಅವಳನ್ನ ಬಿಡಿ ಜಮಾದಾರ್ರೆ. ಮಣಿ ತೆಗೆದಿದ್ದು ನಾನು.”

ತನಗೆ ತಾನೇ ಮಾಟ ಮಾಡಿಕೊಂಡ ಗಂಡಸನ್ನು ವಠಾರ ಅದುವರೆಗೆ ಕಂಡಿರಲಿಲ್ಲ. ಮಂಜುಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದಳು. ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಎಲ್ಲಿ ಅವೆ ಈಗ?”

“ರಿಚರ್ಡ್ಸ್ ಟೌನಲ್ಲಿ.”

“ರಿಚರ್ಡ್ಸ್ ಟೌನಲ್ಲಿ ಎಲ್ಲಿ?”

“ರೋಝಾರಿಯೋ ಮೇಡಂ ಮನೇಲಿ.”

“ಅವ್ರ ಮನೇಲಿ ಎಲ್ಲಿ?”

ಮುನಿಆಂಜನಪ್ಪ ಹಣೆಯ ಬೂದಿ ಒರೆಸಿಕೊಂಡ. “ಕಿವೀಲಿ,” ಎಂದ.

ಆಮೇಲೆ ಎಲ್ಲವನ್ನೂ ಹೇಳಿದ. ಗಂಡ ಹೆಂಡತಿಯ ಮಣಿ ತೆಗೆದರೆ ಯಾವ ಸೆಕ್ಷನ್ನೂ ಇಲ್ಲವೆಂದು ಮುನಿರಾಜಪ್ಪ ಬೇಸರದಿಂದ ಬೆಲ್ಟು ಸಡಿಲಿಸಿದ. ಚಿಕ್ಕಮುನಿಯಮ್ಮ ಯಾರ ಮುಖವನ್ನೂ ನೋಡದೆ ಗಡಿಗೆ ಹೊತ್ತು ಹೊರಟುಹೋದಳು. ಅಕ್ಕಯಮ್ಮನ ಸಂಕಟ ಮಾತ್ರ ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಮಾಟಕ್ಕಾದರೆ ತಡೆ ಉಂಟು. ಮಗಳ ಕರಿಮಣಿ ಬೇರೊಬ್ಬ ಹೆಂಗಸಿನ ಕಿವಿಯಲ್ಲಿ ತೂಗುತ್ತಿದ್ದರೆ, ಅವಳು ಅದನ್ನು ತೆಗೆದು ಎಲ್ಲಾದರೂ ಎಸೆದರೆ, ಅಳಿಯನ ಗತಿ ಏನು?

“ಹೊತ್ತು ಮುಳುಗೋದ್ರೊಳಗೆ ವಾಪಸ್ ತಂದು ನಿನ್ ಕತ್ತಿಗೆ ಪೋಣಿಸ್ಬೇಕು. ನಡೀರಿ,” ಎಂದರು.

ಪಿಳ್ಳಮ್ಮನೂ ಸೇರಿ ಮೂವರು ಹೆಂಗಸರು ಜಟಕಾ ಹತ್ತಿದರು. ಮುನಿಆಂಜನಪ್ಪನಿಗೆ ಗಾಡಿಯವನ ಪಕ್ಕ ಜಾಗ ಸಿಕ್ಕಿತು. ಎದುರಿಗೆ ಮಿಲಿಟರಿ ಲಾರಿಗಳ ಸಾಲು ಬಂದಾಗಲೆಲ್ಲ ಅಕ್ಕಯಮ್ಮ “ಮಧ್ಯಕ್ಕೆ ಸರ್ಕೊಂಡು ಕೂತ್ಕೊಳ್ಳಪ್ಪ” ಎಂದು ಅಳಿಯನ ಅಂಗಿ ಹಿಡಿದೆಳೆಯುತ್ತಿದ್ದರು. ಮಣಿ ಕೈಗೆ ಬರುವ ತನಕ ಅವನ ಆಯುಷ್ಯದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ನಿಜ ಹೇಳಬೇಕೆಂದರೆ, ಅವನಿಗೂ ಇರಲಿಲ್ಲ.

ಬಂಗಲೆಯ ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ಮೇಜಿನ ಮೇಲೆ ಬಟ್ಟಲುಗಳಲ್ಲಿ ಹಳೆಯ ಸರ ಕಿತ್ತ ಮಣಿಗಳು, ಸೂಜಿ, ಕತ್ತರಿ, ದಾರದ ಉಂಡೆಗಳು. ಸುತ್ತ ಮೇಡಂ ಮತ್ತು ಅವರ ಗೆಳತಿಯರಿಬ್ಬರು, ಶಾಲೆಗೆ ಬಂದ ಮಕ್ಕಳ ಹಾಗೆ ಕೈ ಜೋಡಿಸಿಕೊಂಡು ಕೂತಿದ್ದರು. ಮಂಜುಳಮ್ಮ ಮೆಟ್ಟಿಲು ಹತ್ತಿದ ರಭಸ ನೋಡಿ ಮೇಡಂಗೆ ತುಂಬ ಸಂತೋಷವಾಯಿತು.

“ಬಾ, ಬಾ. ನಿನಗೇ ಕಾಯ್ತಿದ್ವಿ. ಎಷ್ಟು ಚೆನ್ನಾಗ್ ಮಾಡಿದೀಯ ನೋಡು. ನಿನ್ನೆಯಿಂದ ತೆಗೆದೇ ಇಲ್ಲ ನಾನು.” ಅವರು ತಲೆ ಅಲ್ಲಾಡಿಸಿದರು. ಕಿವಿಯಲ್ಲಿ ಲೋಲಾಕು ಕುಣಿಯಿತು. ಅಕ್ಕಯಮ್ಮ “ಅಲ್ಲಾಡಿಸ್ಬೇಡ ಕಣವ್ವ” ಎಂದು ಕಣ್ಣು ಮುಚ್ಚಿಕೊಂಡರು.

ಮಂಜುಳಮ್ಮ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಆ ನಗುಮುಖದ ಮುಂದೆ ಹೊರಡಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಗಂಡ ಮೇಜಿನ ಕಾಲಿನ ಕಡೆ ನೋಡಿದ. ಕೊನೆಗೆ ಅಕ್ಕಯಮ್ಮನೇ ಮುಂದೆ ಬಂದರು.

“ಅದನ್ನ ಬಿಚ್ಚಿ ಕೊಟ್ಬಿಡವ್ವ. ಅದು ಆಟದ ಮಣಿ ಅಲ್ಲ. ಮಗಳ ತಾಳಿ ಜೊತೆ ಇರೋ ಕರಿಮಣಿ. ಈ ಪುಣ್ಯಾತ್ಮ ತಿಳೀದೆ ಎತ್ಕೊಂಡು ಬಂದವ್ನೆ. ಅದು ಹೆಂಡ್ತಿ ಮೈಮೇಲೆ ಇದ್ರೆ ಗಂಡ ಎಲ್ಲಿದ್ರೂ ಅವನ ಜೀವಕ್ಕೆ ಕಾವಲು. ನಿನಗ್ಯಾಕೆ ಅದು?”

ಗೆಳತಿಯರಿಬ್ಬರೂ ಮೇಡಂ ಮುಖ ನೋಡಿದರು. ಮೇಡಂ ಕೈ ಮೆಲ್ಲಗೆ ಕಿವಿಗೆ ಹೋಯಿತು. ಮುನಿಆಂಜನಪ್ಪನಿಗೆ ಜೀವ ಬಂತು. ಈಗ ಬಿಚ್ಚುತ್ತಾರೆ, ಈಗ ಬಿಚ್ಚುತ್ತಾರೆ.

“ಎಲ್ಲಿದ್ರೂ?” ಎಂದು ಕೇಳಿದರು ಮೇಡಂ.

“ಹೂಂ. ಎಲ್ಲಿದ್ರೂ.”

“ಬರ್ಮಾದಲ್ಲಿದ್ರೂ?”

ಅಕ್ಕಯಮ್ಮನಿಗೆ ಬರ್ಮಾ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಎಲ್ಲಿದ್ದರೇನು ಎಂದು ತಲೆಯಾಡಿಸಿದರು.

ಮೇಡಂ ಎರಡೂ ಕೈಗಳಿಂದ ಎರಡೂ ಕಿವಿ ಮುಚ್ಚಿಕೊಂಡರು. “ನಾನು ಕೊಡಲ್ಲ,” ಎಂದರು. “ನಮ್ ಸಾಬ್ ಸುದ್ದಿ ಈಸ್ಟರಿಂದ ಇಲ್ಲ. ಆಫೀಸಲ್ಲಿ ಕೇಳಿದ್ರೆ ಗೊತ್ತಿಲ್ಲ ಅಂತಾರೆ. ಚರ್ಚಲ್ಲಿ ಪ್ರೇಯರ್ ಮಾಡು ಅಂತಾರೆ. ದಿನಾ ಮಾಡ್ತೀನಿ. ನೀನು ಬೈದ್ರೂ ಸರಿ, ಪೊಲೀಸ್ ಕರೆದ್ರೂ ಸರಿ. ಇದು ಕೊಡಲ್ಲ ನಾನು.”

ಮಾರಾಟ, ಚಂದಾ, ಟೋಪಿ ಎಂದು ಊರೆಲ್ಲ ಓಡಾಡುತ್ತಿದ್ದ ಆ ಹೆಂಗಸು ಮಗುವಿನ ಹಾಗೆ ಅಳುತ್ತಿದ್ದಳು.

ಮಂಜುಳಮ್ಮ ಹತ್ತಿರ ಹೋಗಿ, ಮೇಡಂ ಬೆರಳುಗಳ ಸಂದಿನಿಂದ ಲೋಲಾಕನ್ನು ಬಗ್ಗಿ ನೋಡಿದಳು.

“ಇದ್ಯಾವ ದಾರ ರೀ?”

“ಗೋದಾಮಿಂದು. ಗುಂಡಿ ಹೊಲಿಯೋದು,” ಎಂದ ಮುನಿಆಂಜನಪ್ಪ.

“ನೂಲು ಆಗ್ಲೇ ಎದ್ದೈತೆ. ಇದು ಭಾನುವಾರದ ತಂಕ ತಡಿಯಲ್ಲ.” ಅವಳು ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕೂತಳು. ಉಂಡೆಗಳನ್ನು ಒಂದೊಂದಾಗಿ ಎಳೆದು ನೋಡಿ, ಕಿತ್ತು ಬರದ ರೇಷ್ಮೆ ಹುರಿಯೊಂದನ್ನು ಆರಿಸಿಕೊಂಡಳು. “ಕಿತ್ಕೊಳ್ಳಲ್ಲ ಕಣಮ್ಮ, ಹೆದರ್ಕೋಬೇಡಿ. ಒಂದ್ ಕಿವೀದು ಬಿಚ್ಚಿ ಕೊಡಿ. ಅದು ಗಟ್ಟಿ ಮಾಡಿ ಹಾಕಿದ್ಮೇಲೆ ಇನ್ನೊಂದು. ಎರಡೂ ಒಟ್ಟಿಗೆ ಬಿಚ್ಬೇಡಿ.”

ಅಕ್ಕಯಮ್ಮ ಮಗಳ ಭುಜ ಹಿಡಿದರು. “ಏನೇ ಮಾಡ್ತಿದ್ದೀಯ? ಇದೇನು ದಾನ ಕೊಡೋ ವಸ್ತುವೇನೇ? ನಿನ್ ಗಂಡನ ಗತಿ ಏನಾಗ್ಬೇಕು?”

“ನಮ್ಮನೆಯೋರು ಕಣ್ಣೆದುರಿಗೇ ಕೂತವ್ರಲ್ಲಮ್ಮ,” ಎಂದಳು ಮಂಜುಳಮ್ಮ. “ಇವ್ರಿಗೆ ಬುದ್ಧಿ ಇಲ್ದಿದ್ರೆ ನಾನು ಕಾಯ್ಕೊತೀನಿ. ಮನೇಲಿರೋ ಮಣಿ ನನಗೆ ಸಾಕು. ಆ ಯಪ್ಪನ್ನ ಅಲ್ಲಿ ಯಾರು ಕಾಯ್ತಾರೆ?”

ಅಕ್ಕಯಮ್ಮ ಕೈ ಹಿಂದಕ್ಕೆ ತೆಗೆದರು. ಮೇಡಂ ಬಲಗಿವಿಯ ಲೋಲಾಕನ್ನು ಬಿಚ್ಚಿ ಮಂಜುಳಮ್ಮನ ಅಂಗೈಗೆ ಹಾಕಿ, ಎಡಗಿವಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಗೆಳತಿಯರು ಕುರ್ಚಿ ಹತ್ತಿರಕ್ಕೆ ಸರಿಸಿದರು. ಮಂಜುಳಮ್ಮ ಮಣಿಗಳನ್ನು ಬಟ್ಟೆಯ ಮೇಲೆ ಸುರಿದು, ಮೊದಲ ಗಂಟು ಎಲ್ಲಿ ಬೀಳಬೇಕು, ಪ್ರತಿ ಕರಿಮಣಿಯ ಆಚೆ ಈಚೆ ಹೇಗೆ ಗಂಟು ಹಾಕಿದರೆ ಒಂದು ಕಡೆ ಕಿತ್ತರೂ ಉಳಿದದ್ದು ಉದುರುವುದಿಲ್ಲ ಎಂದು ತೋರಿಸತೊಡಗಿದಳು. ಅವಳಿಗೂ ಅದು ಮೊದಲ ಲೋಲಾಕೇ. ಆದರೆ ಗಂಟು ಹೊಸದಲ್ಲ.

ಇಷ್ಟೆಲ್ಲ ಆಗುವಾಗ ಮುನಿಆಂಜನಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಹೆಂಡತಿ ಅವನ ಕಡೆ ತಿರುಗದೆಯೇ ಸೂಜಿ, ದಾರ ಚಾಚಿ, “ಪೋಣಿಸಿ ಕೊಡಿ” ಎಂದಳು. ಅವನು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ಗುರಿಯಿಟ್ಟ. ತಪ್ಪಿತು. ಮತ್ತೆ ಇಟ್ಟ. ಅವನ ಕಣ್ಣು ತುಂಬಿ ಸೂಜಿಯೇ ಕಾಣುತ್ತಿರಲಿಲ್ಲ. ಅವಳು ಕೈ ಚಾಚಿಕೊಂಡೇ ಕಾದಳು.